ಪೀಚ್ ಹಣ್ಣಿನ ಪಾಠ: ಬ್ರ್ಯಾಂಡಿನ ಧ್ವನಿ ಮತ್ತು ಶಿಕ್ಷಕರ ಧ್ವನಿ

ಹಿನ್ನೆಲೆ

ದ್ವಿತೀಯ ಪಿಯುಸಿ ವ್ಯವಹಾರ ಅಧ್ಯಯನದಲ್ಲಿ ಮಾರುಕಟ್ಟೆಯ ಅಧ್ಯಾಯ ಬಂದಾಗ ನಮ್ಮ ಪ್ರಶಿಕ್ಷಣಾರ್ಥಿಗಳು ಬ್ರ್ಯಾಂಡ್ ಎಂದರೆ ಹೆಸರು, ಚಿಹ್ನೆ, ಗುರುತು ಎಂದು ಬರೆಸುತ್ತಾರೆ. ಜಾಹೀರಾತಿನ ಅನುಕೂಲ, ಅನಾನುಕೂಲಗಳನ್ನು ಪಟ್ಟಿ ಮಾಡಿಸಿ ಅವಧಿ ಮುಗಿಸುತ್ತಾರೆ. ಬ್ರ್ಯಾಂಡಿಗೆ ಒಂದು ಧ್ವನಿಯೂ ಇರುತ್ತದೆ, ಆ ಧ್ವನಿ ಕೇಳುವವರನ್ನು ಮುಟ್ಟಬಹುದು ಅಥವಾ ನೋಯಿಸಬಹುದು ಎಂಬುದು ಆ ಪಟ್ಟಿಯಲ್ಲಿ ಸೇರುವುದಿಲ್ಲ. ಈ ಕೊರತೆ ತುಂಬಲು ಇಟಲಿಯ ಮೂರು ಉದಾಹರಣೆಗಳನ್ನು ಆಧರಿಸಿ 45 ನಿಮಿಷದ ಒಂದು ಪಾಠವನ್ನು ಯೋಜಿಸಿದೆವು. ಇಟಲಿಯನ್ನೇ ಆರಿಸಲು ಎರಡು ಕಾರಣಗಳಿದ್ದವು. ಅಲ್ಲಿ ಸರಕಿಗಿಂತ ಮೊದಲು ಕಥೆ ಹೇಳುವ ಜಾಹೀರಾತಿಗೆ ದೀರ್ಘ ಪರಂಪರೆಯಿದೆ. ಜೊತೆಗೆ, ನಮ್ಮ ವಿದ್ಯಾರ್ಥಿಗಳಿಗೆ ಆ ಬ್ರ್ಯಾಂಡ್‌ಗಳ ಪರಿಚಯ ಅಷ್ಟಾಗಿ ಇಲ್ಲದ ಕಾರಣ ಅವರ ಗಮನ ಸರಕಿನ ಮೇಲೆ ಹೋಗದೆ ಮಾತಿನ ಮೇಲೆ ನಿಲ್ಲುತ್ತದೆ.

ಕಲಿಕಾ ಉದ್ದೇಶಗಳು

1. ಜಾಹೀರಾತು ಏನು ಹೇಳುತ್ತದೆ ಮತ್ತು ಏನನ್ನು ಹೇಳದೆ ಬಿಡುತ್ತದೆ ಎಂಬುದನ್ನು ವಿದ್ಯಾರ್ಥಿಗಳು ಗುರುತಿಸುವರು.
2. ಒಂದೇ ಮಾತು ಬೇರೆ ಬೇರೆ ಕೇಳುಗರಿಗೆ ಬೇರೆ ಬೇರೆಯಾಗಿ ಕೇಳಿಸುತ್ತದೆ ಎಂಬುದನ್ನು ಉದಾಹರಣೆಯೊಂದಿಗೆ ವಿವರಿಸುವರು.
3. ಯಾರನ್ನೂ ಹೊರಗಿಡದ ಹಾಗೆ ಒಂದು ಸಣ್ಣ ಪ್ರಕಟಣೆಯನ್ನು ಬರೆಯುವರು.

ಶಿಕ್ಷಕರು ತಿಳಿದಿರಬೇಕಾದ ವಿಷಯಾಂಶ

ಮೊದಲನೆಯ ಉದಾಹರಣೆ ಕರೊಸೆಲ್ಲೋ. ಇಟಲಿಯ ಸಾರ್ವಜನಿಕ ದೂರದರ್ಶನ ಸಂಸ್ಥೆಯಾದ ರಾಯ್ 1957ರ ಫೆಬ್ರವರಿ 3ರಿಂದ 1977ರ ಜನವರಿ 1ರವರೆಗೆ ರಾತ್ರಿಯ ಹೊತ್ತು ಈ ಹೆಸರಿನ ಜಾಹೀರಾತು ಕಾರ್ಯಕ್ರಮವನ್ನು ಪ್ರಸಾರ ಮಾಡಿತು. ಪ್ರತಿಯೊಂದು ತುಣುಕಿನಲ್ಲೂ ಮೊದಲು ಒಂದು ಕಿರುಕಥೆ, ಹಾಡು ಅಥವಾ ಹಾಸ್ಯಪ್ರಸಂಗ ಇರಬೇಕು, ಸರಕಿನ ಹೆಸರು ಕೊನೆಯ ಸ್ವಲ್ಪ ಹೊತ್ತಿನಲ್ಲಿ ಮಾತ್ರ ಬರಬೇಕು ಎಂಬುದು ನಿಯಮ. ಕರೊಸೆಲ್ಲೋ ಮುಗಿದ ಮೇಲೆ ಮಕ್ಕಳು ಮಲಗಬೇಕು ಎಂಬುದು ಮನೆಮನೆಯ ರೂಢಿಯಾಯಿತು. ಮಾರುವವನು ಮನೆಯೊಳಗೆ ಬರುವ ಅತಿಥಿ, ಬಂದ ತಕ್ಷಣ ಚೀಲ ಬಿಚ್ಚಬಾರದು ಎಂಬ ಮರ್ಯಾದೆಯನ್ನು ಆ ನಿಯಮ ಕಲಿಸಿತು.

ಎರಡನೆಯದು ಬರಿಲ್ಲಾ. ಪಾರ್ಮಾ ನಗರದಲ್ಲಿ 1877ರಲ್ಲಿ ಆರಂಭವಾದ ಈ ಪಾಸ್ತಾ ಸಂಸ್ಥೆ 1980ರ ದಶಕದಿಂದ ಬಳಸುತ್ತ ಬಂದ ಘೋಷವಾಕ್ಯದ ಅರ್ಥ, ಬರಿಲ್ಲಾ ಇರುವಲ್ಲಿ ಮನೆಯಿದೆ ಎಂದು. ಮನೆ ಎಂಬ ಬೆಚ್ಚಗಿನ ಮಾತೇ ಅದರ ಧ್ವನಿಯಾಯಿತು. 2013ರ ಸೆಪ್ಟೆಂಬರ್‌ನಲ್ಲಿ ಸಂಸ್ಥೆಯ ಅಧ್ಯಕ್ಷ ಗುಯಿದೋ ಬರಿಲ್ಲಾ ಅವರು, ತಮ್ಮದು ಸಾಂಪ್ರದಾಯಿಕ ಕುಟುಂಬದ ಕಲ್ಪನೆ, ಸಲಿಂಗಿ ಕುಟುಂಬವನ್ನು ತಮ್ಮ ಜಾಹೀರಾತಿನಲ್ಲಿ ತೋರಿಸುವುದಿಲ್ಲ, ಇಷ್ಟವಿಲ್ಲದವರು ಬೇರೆ ಪಾಸ್ತಾ ತಿನ್ನಬಹುದು ಎಂಬರ್ಥದ ಮಾತನ್ನು ರೇಡಿಯೋ ಸಂದರ್ಶನವೊಂದರಲ್ಲಿ ಆಡಿದರು. ಬಹಿಷ್ಕಾರದ ಕರೆಗಳು ಹಲವು ದೇಶಗಳಿಂದ ಬಂದವು. ಅವರು ವಿಡಿಯೋದಲ್ಲಿ ಕ್ಷಮೆ ಕೇಳಿದರು. ವೈವಿಧ್ಯದ ಬಗ್ಗೆ ಸಲಹೆ ನೀಡುವ ಮಂಡಳಿಯೊಂದನ್ನು ಸಂಸ್ಥೆ ಅದೇ ವರ್ಷ ರಚಿಸಿತು. ಮನೆ ಎಂಬ ಮಾತು ಬದಲಾಗಿರಲಿಲ್ಲ. ಆ ಮನೆಯ ಬಾಗಿಲು ಯಾರಿಗೆ ಮುಚ್ಚಿದೆ ಎಂಬುದು ಮಾತ್ರ ಎಲ್ಲರಿಗೂ ಕೇಳಿಸಿತು.

ಮೂರನೆಯದು ಎಸ್ಸೆಲುಂಗಾ. 1957ರಲ್ಲಿ ಮಿಲಾನ್‌ನಲ್ಲಿ ಆರಂಭವಾದ ಈ ಸೂಪರ್‌ಮಾರ್ಕೆಟ್ ಸಂಸ್ಥೆಗೆ ಹೆಸರು ಬಂದದ್ದು ಅದರ ಫಲಕದಲ್ಲಿದ್ದ ಉದ್ದನೆಯ ಎಸ್ ಅಕ್ಷರದಿಂದ. 2023ರ ಸೆಪ್ಟೆಂಬರ್‌ನಲ್ಲಿ ಅದು ಪೀಚ್ ಹಣ್ಣು ಎಂಬರ್ಥದ ಹೆಸರಿನ ಕಿರುಚಿತ್ರವನ್ನು ಪ್ರಸಾರ ಮಾಡಿತು. ಎಮ್ಮಾ ಎಂಬ ಪುಟ್ಟ ಹುಡುಗಿ ತಾಯಿಯೊಡನೆ ಅಂಗಡಿಗೆ ಬಂದಿದ್ದಾಳೆ. ತಾಯಿಯ ಕಣ್ಣುತಪ್ಪಿ ಒಂದು ಪೀಚ್ ಹಣ್ಣನ್ನು ಆರಿಸಿಕೊಳ್ಳುತ್ತಾಳೆ. ಆಮೇಲೆ ಅವಳನ್ನು ಕರೆದೊಯ್ಯಲು ತಂದೆ ಬರುತ್ತಾನೆ. ಕಾರಿನಲ್ಲಿ ಹುಡುಗಿ ಆ ಹಣ್ಣನ್ನು ಅವನಿಗೆ ಕೊಟ್ಟು, ಅಮ್ಮ ಕಳಿಸಿದ್ದು ಎನ್ನುತ್ತಾಳೆ. ಆಮೇಲೆ ಫೋನ್ ಮಾಡಿ ಧನ್ಯವಾದ ಹೇಳುತ್ತೇನೆ ಎನ್ನುತ್ತಾನೆ ತಂದೆ. ತಂದೆ ತಾಯಿ ಬೇರೆಯಾಗಿದ್ದಾರೆ ಎಂದು ಚಿತ್ರದಲ್ಲಿ ಯಾರೂ ಬಿಡಿಸಿ ಹೇಳುವುದಿಲ್ಲ. ಯಾವ ಖರೀದಿಯೂ ಮುಖ್ಯವಲ್ಲದ್ದಲ್ಲ ಎಂಬರ್ಥದ ವಾಕ್ಯದೊಂದಿಗೆ ಚಿತ್ರ ಮುಗಿಯುತ್ತದೆ.

ಇದರ ಮೇಲೆ ಇಟಲಿಯಲ್ಲಿ ದೊಡ್ಡ ಚರ್ಚೆಯಾಯಿತು. ಮಗುವಿನ ದುಃಖವನ್ನು ಸರಕು ಮಾರಲು ಬಳಸಲಾಗಿದೆ, ಬೇರೆಯಾದವರಲ್ಲಿ ಅಪರಾಧಿ ಭಾವ ಹುಟ್ಟಿಸಲಾಗಿದೆ ಎಂದರು ಹಲವರು. ಜಾಹೀರಾತಿನ ಮನೆಗಳಲ್ಲಿ ಕಾಣದಿದ್ದ ಮಕ್ಕಳು ಕೊನೆಗೂ ಕಂಡರು ಎಂದರು ಇನ್ನು ಕೆಲವರು. ಪ್ರಧಾನಿ ಜಾರ್ಜಾ ಮೆಲೋನಿ ಅವರೂ ಚಿತ್ರ ಸುಂದರವಾಗಿದೆ ಎಂದು ಸಾರ್ವಜನಿಕವಾಗಿ ಬರೆದರು. ಒಂದು ಹಣ್ಣು ಇಷ್ಟು ಮಾತು ಎಬ್ಬಿಸಿದ್ದೇಕೆ ಎಂಬುದಕ್ಕೆ ಅಲ್ಲಿನ ಚರಿತ್ರೆಯ ಹಿನ್ನೆಲೆ ಬೇಕು. ಇಟಲಿಯಲ್ಲಿ ವಿಚ್ಛೇದನಕ್ಕೆ ಕಾನೂನು ಬಂದದ್ದು 1970ರಲ್ಲಿ. ಅದನ್ನು ರದ್ದುಪಡಿಸಬೇಕೆಂಬ ಬೇಡಿಕೆ 1974ರ ಜನಮತಗಣನೆಯಲ್ಲಿ ಸೋತಿತು. ಶೇಕಡಾ 59ರಷ್ಟು ಮತದಾರರು ಕಾನೂನು ಉಳಿಯಲಿ ಎಂದರು. ಆ ವಾದದ ನೆನಪಿರುವ ಸಮಾಜದಲ್ಲಿ ಹುಡುಗಿಯ ಹಣ್ಣನ್ನು ಬರೀ ಹಣ್ಣಾಗಿ ನೋಡುವುದು ಕಷ್ಟ.

ತರಗತಿಯಲ್ಲಿ ನಡೆದದ್ದು

ಪ್ರೇರಣಾ ಹಂತ ಚೆನ್ನಾಗಿ ನಡೆಯಿತು. ಇಟಾಲಿಯನ್ ಭಾಷೆಯಲ್ಲಿ ಆಪ್ತರಿಗೆ ತೂ ಎಂದೂ ಗೌರವದಿಂದ ಮಾತನಾಡುವಾಗ ಲೇಯ್ ಎಂದೂ ಹೇಳುತ್ತಾರೆ ಎಂದು ಪ್ರಶಿಕ್ಷಣಾರ್ಥಿ ವಿವರಿಸಿದರು. 1938ರಲ್ಲಿ ಫ್ಯಾಸಿಸ್ಟ್ ಸರ್ಕಾರ ಲೇಯ್ ಬದಲು ವೋಯ್ ಬಳಸಬೇಕೆಂದು ಒತ್ತಾಯಿಸಿದ್ದನ್ನೂ ಹೇಳಿದರು. ಕೂಡಲೇ ಒಬ್ಬ ವಿದ್ಯಾರ್ಥಿ, ನಮ್ಮಲ್ಲೂ ನೀನು, ನೀವು, ತಾವು ಇವೆಯಲ್ಲ, ಅಂಗಡಿಯವರು ನಮಗೆ ನೀನು ಎಂದರೆ ಸಿಟ್ಟು ಬರುತ್ತದೆ ಎಂದ. ಧ್ವನಿ ಎಂದರೇನು ಎಂಬುದು ಇಡೀ ತರಗತಿಗೆ ಅರ್ಥವಾಯಿತು.

ಪೀಚ್ ಹಣ್ಣಿನ ಕಥೆ ಹೇಳಿದ ಮೇಲೆ ಪ್ರಶಿಕ್ಷಣಾರ್ಥಿ ಯೋಜನೆಯಲ್ಲಿದ್ದಂತೆಯೇ ಕೇಳಿದರು: ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಇಂಥ ಪರಿಸ್ಥಿತಿ ಇದೆಯೇ?

ಯಾರೂ ಮಾತನಾಡಲಿಲ್ಲ. ಮುಂದಿನ ಬೆಂಚಿನ ಇಬ್ಬರು ಹಿಂತಿರುಗಿ ಮೂರನೆಯ ಸಾಲಿನ ಒಬ್ಬ ಹುಡುಗಿಯನ್ನು ನೋಡಿದರು. ಆಕೆ ಪುಸ್ತಕದ ಮೇಲೆ ಬಾಗಿದವಳು ಗಂಟೆ ಹೊಡೆಯುವವರೆಗೂ ತಲೆಯೆತ್ತಲಿಲ್ಲ. ಹಿಂದಿನ ಬೆಂಚಿನಲ್ಲಿ ಅವಲೋಕನ ಪತ್ರ ಹಿಡಿದು ಕುಳಿತಿದ್ದ ನಾನು, ಜೀವನಾನುಭವಕ್ಕೆ ಪಾಠವನ್ನು ಜೋಡಿಸುವುದು ಎಂಬ ಅಂಶದ ಮುಂದೆ ಆಗಲೇ ಪೂರ್ಣ ಅಂಕ ಹಾಕಿದ್ದೆ. ಆ ಪ್ರಶ್ನೆಯಿದ್ದ ಪಾಠಯೋಜನೆಯ ಕೆಳಗೆ ನನ್ನ ಸಹಿಯೂ ಇತ್ತು.

ವಿಮರ್ಶೆ

ಜಾಹೀರಾತು ಹೇಳದೆ ಬಿಟ್ಟ ಮಾತನ್ನು ನಾವು ತರಗತಿಯಲ್ಲಿ ಹೇಳಿಸಲು ಹೊರಟೆವು. ಚಿತ್ರದ ಬಗ್ಗೆ ಏನೇ ಆಕ್ಷೇಪವಿರಲಿ, ಅದು ನೋಡುವವರನ್ನು ನಿನ್ನ ಮನೆ ಎಂಥದು ಎಂದು ಕೇಳಲಿಲ್ಲ. ಹುಡುಗಿಯನ್ನು ತೋರಿಸಿ ಸುಮ್ಮನಾಯಿತು. ತಾನು ಕಂಡದ್ದನ್ನು ತನ್ನೊಳಗೆ ಇಟ್ಟುಕೊಳ್ಳುವ ಸ್ವಾತಂತ್ರ್ಯ ನೋಡುವವರಿಗೆ ಉಳಿಯಿತು. ಭಾವ ಎಷ್ಟು ತುಂಬಿದೆ ಎಂಬುದರಿಂದ ಸಂವೇದನೆಯನ್ನು ಅಳೆಯಲಾಗದು. ಕೇಳುವವರಿಗೆ ಸುಮ್ಮನಿರಲು ಜಾಗ ಬಿಟ್ಟಿದೆಯೇ ಎಂಬುದೇ ಅಳತೆ. ಈ ಅಳತೆಯನ್ನು ಬ್ರ್ಯಾಂಡಿಗೆ ಹಚ್ಚಲು ಕಲಿಸುವವರು ಮೊದಲು ತಮ್ಮ ಪ್ರಶ್ನೆಗೆ ಹಚ್ಚಿಕೊಳ್ಳಬೇಕು.

ಮರುದಿನ ತರಗತಿಯಲ್ಲೇ ಕ್ಷಮೆ ಕೇಳುತ್ತೇನೆ ಎಂದು ಪ್ರಶಿಕ್ಷಣಾರ್ಥಿ ಹೇಳಿದಾಗ ಬೇಡವೆಂದೆ. ಬರಿಲ್ಲಾ ಅಧ್ಯಕ್ಷರ ಮಾತು ಎಲ್ಲರ ಕಿವಿಗೂ ಬಿದ್ದಿತ್ತು, ಆದ್ದರಿಂದ ಕ್ಷಮೆಯೂ ಎಲ್ಲರೆದುರು ಬೇಕಿತ್ತು. ಇಲ್ಲಿ ಎಲ್ಲರೆದುರು ಕೇಳುವ ಕ್ಷಮೆ ಆ ಹುಡುಗಿಯತ್ತ ಮತ್ತೊಮ್ಮೆ ಬೆರಳು ತೋರಿಸುತ್ತಿತ್ತು. ಪ್ರಶ್ನೆಗಳನ್ನು ತಿದ್ದಿದೆವು. ಎರಡು ದಿನದ ನಂತರ ಇನ್ನೊಂದು ವಿಭಾಗದಲ್ಲಿ ಅದೇ ಪಾಠ ಹೀಗೆ ನಡೆಯಿತು:

• ಹುಡುಗಿ ಸುಳ್ಳು ಹೇಳಿದ್ದೇಕೆ ಎಂದು ನಿಮಗೆ ಅನ್ನಿಸುತ್ತದೆ?
• ಈ ಚಿತ್ರದಲ್ಲಿ ಯಾವ ಮಾತನ್ನು ಬೇಕೆಂದೇ ಬಿಡಲಾಗಿದೆ?
• ಇದನ್ನು ನೋಡಿ ಯಾರಿಗೆ ಸಮಾಧಾನವಾಗಬಹುದು? ಯಾರಿಗೆ ನೋವಾಗಬಹುದು?
• ಅಂಗಡಿಯ ಹೆಸರು ಮೊದಲೇ ಬಂದಿದ್ದರೆ ಕಥೆ ಹೇಗೆ ಕೇಳಿಸುತ್ತಿತ್ತು?

ಈ ಪ್ರಶ್ನೆಗಳೆಲ್ಲ ಕಥೆಯ ಬಗ್ಗೆ ಇವೆ. ತನ್ನ ಅನುಭವವನ್ನು ಸೇರಿಸಬೇಕೇ ಬೇಡವೇ ಎಂಬುದನ್ನು ವಿದ್ಯಾರ್ಥಿಯೇ ನಿರ್ಧರಿಸಬಹುದು. ಮೊದಲ ವಿಭಾಗಕ್ಕಿಂತ ಇಲ್ಲಿ ಹೆಚ್ಚು ಕೈಗಳು ಮೇಲೆದ್ದವು.

ಮೌಲ್ಯಮಾಪನ

ಗೃಹಪಾಠವಾಗಿ, ಶಾಲಾ ಕಾಲೇಜುಗಳ ಸೂಚನಾ ಫಲಕದಲ್ಲಿ ಸಾಮಾನ್ಯವಾಗಿ ಕಾಣುವ ಒಂದು ವಾಕ್ಯವನ್ನು ಎರಡೂ ವಿಭಾಗಗಳಿಗೆ ಕೊಟ್ಟೆವು: ಶನಿವಾರದ ಸಭೆಗೆ ಪ್ರತಿಯೊಬ್ಬರೂ ತಂದೆ ತಾಯಿಯೊಂದಿಗೆ ಹಾಜರಾಗತಕ್ಕದ್ದು. ಇದನ್ನು ಯಾರೂ ಹೊರಗುಳಿಯದಂತೆ ತಿದ್ದಿ ಬರೆಯಬೇಕಿತ್ತು. ಅಂಕ ಕೊಡುವಾಗ ಮೂರು ಅಂಶಗಳನ್ನು ನೋಡಿದೆವು: ಯಾರಿಗೆ ಹೇಳುತ್ತಿದ್ದೇವೆ ಎಂಬ ಅರಿವು, ಸಂಬೋಧನೆಯ ಮರ್ಯಾದೆ, ಬೇಡದ ಮಾತನ್ನು ಬಿಟ್ಟಿರುವುದು.

ಮೊದಲ ವಿಭಾಗದಿಂದ ಬಂದ ಒಂದು ಉತ್ತರ ಹೀಗಿತ್ತು: ಶನಿವಾರದ ಸಭೆಗೆ ನಿಮ್ಮ ಮನೆಯ ಹಿರಿಯರೊಬ್ಬರೊಂದಿಗೆ ಬನ್ನಿ, ಯಾರು ಬಂದರೂ ಸ್ವಾಗತ. ಬರೆದವರ ಹೆಸರು ನೋಡದೆ ಪೂರ್ಣ ಅಂಕ ಕೊಟ್ಟೆವು. ಪ್ರಾಂಶುಪಾಲರ ಒಪ್ಪಿಗೆ ಪಡೆದು ಅಂದಿನಿಂದ ಆ ಕಾಲೇಜಿನ ಸೂಚನಾ ಫಲಕದಲ್ಲಿ ಅದೇ ವಾಕ್ಯವನ್ನು ಬರೆಯಲಾಗುತ್ತಿದೆ.