ಅಡಕೆ ಮರದಿಂದ ಬಿದ್ದವರನ್ನು ಎತ್ತುವ ಮೊದಲು

ಕಾಸರಗೋಡು ಜಿಲ್ಲೆಯ ಬೆಳ್ಳೂರು ಪಂಚಾಯತಿನ ತೋಟಗಳಲ್ಲಿ ಮಳೆಗಾಲವೆಂದರೆ ಅಡಕೆಗೆ ಮದ್ದು ಬಿಡುವ ಕಾಲ, ಅದು ಮುಗಿದರೆ ಕೊನೆ ಕೊಯ್ಲು. ದೋಟಿ ಬಂದರೂ ಮರ ಹತ್ತುವುದು ಪೂರ್ತಿ ನಿಂತಿಲ್ಲ. ಯಾರಾದರೂ ಬಿದ್ದರೆ ಸುತ್ತಲಿದ್ದವರು ಕಂಕುಳಿಗೆ ಕೈಹಾಕಿ ಎಬ್ಬಿಸಿ ಕೂರಿಸುತ್ತಾರೆ, ಬಾಯಿಗೆ ನೀರು ಬಿಡುತ್ತಾರೆ. ಎರಡೂ ಬೇಡ. ಬೆನ್ನಿನ ಮೂಳೆ ಮುರಿದಿದ್ದರೂ ಒಳಗಿನ ನರಹುರಿ ಉಳಿದಿರಬಹುದು, ಎಬ್ಬಿಸುವಾಗಲೇ ಅದಕ್ಕೆ ಪೆಟ್ಟಾದೀತು. ಎಚ್ಚರ ತಪ್ಪಿದವರಿಗೆ ಕುಡಿಸಿದ ನೀರು ಶ್ವಾಸಕೋಶಕ್ಕೆ ಇಳಿಯಬಹುದು.

ಮೊದಲು ಉಸಿರು ನೋಡಿ. ಇಲ್ಲದಿದ್ದರೆ ಎದೆ ಒತ್ತಲು ತೊಡಗಿ, ಬೆನ್ನಿನ ಚಿಂತೆ ಆಮೇಲೆ. ರಕ್ತ ಹರಿಯುತ್ತಿದ್ದರೆ ಶುದ್ಧ ಬಟ್ಟೆ ಇಟ್ಟು ಬಿಗಿಯಾಗಿ ಒತ್ತಿ ಹಿಡಿಯಿರಿ; ನಿಂತಿತೇ ಎಂದು ಪದೇಪದೇ ತೆಗೆದು ನೋಡಬೇಡಿ. ಉಸಿರು ಸರಿಯಿದ್ದರೆ ಒಬ್ಬರು ತಲೆಯನ್ನು ಅಲುಗದಂತೆ ಹಿಡಿದು ಕೂರಲಿ. ಎತ್ತಲೇಬೇಕಾದಾಗ ಮೂರ್ನಾಲ್ಕು ಮಂದಿ ಸೇರಿ, ತಲೆ ಹಿಡಿದವರ ಮಾತಿಗೆ ಸರಿಯಾಗಿ, ಇಡೀ ಮೈಯನ್ನು ಒಟ್ಟಿಗೆ ಹೊರಳಿಸಿ ಕೆಳಗೆ ಹಲಗೆ ಸೇರಿಸಬೇಕು. ವಾಂತಿ ಬಂದರೂ ಹೀಗೆಯೇ ಮಗ್ಗುಲಿಗೆ ತಿರುಗಿಸಿ. ಆಟೋದ ಹಿಂದಿನ ಸೀಟಿನಲ್ಲಿ ಮಡಚಿ ಕೂರಿಸುವುದಕ್ಕಿಂತ ಆಂಬುಲೆನ್ಸಿಗೆ ಸ್ವಲ್ಪ ಹೊತ್ತು ಕಾಯುವುದು ಲೇಸು.

108ಕ್ಕೆ ಕರೆ ಮಾಡುವಾಗ ಬರೇ ‘ಬೆಳ್ಳೂರು’ ಎನ್ನಬೇಡಿ. ಗಡಿಯಲ್ಲಿ ಮೊಬೈಲು ಕರ್ನಾಟಕದ ಟವರ್ ಹಿಡಿದಿದ್ದರೆ ಕರೆ ಆ ಕಡೆಗೆ ಹೋಗಬಹುದು, ಅಲ್ಲಿ ನಾಗಮಂಗಲ ತಾಲೂಕಿನಲ್ಲೂ ಒಂದು ಬೆಳ್ಳೂರಿದೆ! ಕೇರಳ, ಕಾಸರಗೋಡು ಜಿಲ್ಲೆ, ಮುಳ್ಳೇರಿಯ ಹತ್ತಿರ ಎಂದು ಶುರುಮಾಡಿ ಶಾಲೆ, ದೇವಸ್ಥಾನದ ಗುರುತು ಹೇಳಿ. ತೋಟದೊಳಗೆ ಗಾಡಿ ಬಾರದಿದ್ದರೆ ಒಬ್ಬರು ಡಾಮರು ರಸ್ತೆಗೆ ಹೋಗಿ ನಿಲ್ಲಲಿ.

ಎಲ್ಲಿಗೆ ಒಯ್ಯುವುದು? ಮುಳ್ಳೇರಿಯ, ಚೆರ್ಕಳ ದಾರಿಯಾಗಿ ಕಾಸರಗೋಡು ಜನರಲ್ ಆಸ್ಪತ್ರೆ ಇದೆ. ಗಡಿ ದಾಟಿದರೆ ಪುತ್ತೂರು, ಮುಂದೆ ಮಂಗಳೂರಿನ ವೆನ್ಲಾಕ್ ಮತ್ತು ಮೆಡಿಕಲ್ ಕಾಲೇಜುಗಳು. 2020ರ ಮಾರ್ಚಿನಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಮಂಗಳೂರು ತಲುಪಲಾಗದೆ ರೋಗಿಗಳು ತೀರಿಕೊಂಡರು. ಈ ಜಿಲ್ಲೆ ಆ ಊರನ್ನು ಎಷ್ಟು ನೆಚ್ಚಿದೆ ಎಂಬುದು ಆಗ ಎಲ್ಲರಿಗೂ ಕಂಡಿತು. ಆದರೂ ಎಲ್ಲರನ್ನೂ ನೇರ ಮಂಗಳೂರಿಗೆ ಓಡಿಸುವುದು ಜಾಣತನವಲ್ಲ ಎಂದೇ ನನ್ನ ಅಭಿಪ್ರಾಯ. ಉಸಿರಿನ ತೊಂದರೆ, ನಿಲ್ಲದ ರಕ್ತಸ್ರಾವ ಇದ್ದರೆ ಹತ್ತಿರದ ಆಸ್ಪತ್ರೆಯಲ್ಲಿ ಅದನ್ನು ಹತೋಟಿಗೆ ತಂದು ಮುಂದೆ ಹೋಗಬೇಕು. ತಲೆ, ಬೆನ್ನಿಗೆ ಪೆಟ್ಟಾಗಿ ಉಸಿರು ಸರಿಯಿದ್ದರೆ ಹೊರಡುವ ಮೊದಲು ಫೋನಿನಲ್ಲಿ ಮೂರು ಮಾತು ಕೇಳಿ: ಸಿಟಿ ಸ್ಕ್ಯಾನ್ ಈಗ ನಡೆಯುತ್ತದೆಯೇ, ನರ ಅಥವಾ ಮೂಳೆಯ ಸರ್ಜನ್ ಇದ್ದಾರೆಯೇ, ಐಸಿಯು ಹಾಸಿಗೆ ಖಾಲಿಯಿದೆಯೇ. ಅಲ್ಲಿಂದ ಬೇರೆಡೆಗೆ ಕಳುಹಿಸಿದರೆ ರೆಫರಲ್ ಚೀಟಿ, ಸ್ಕ್ಯಾನಿನ ಫಿಲ್ಮ್ ಅಥವಾ ಸಿಡಿ ಕೇಳಿ ಪಡೆಯಿರಿ.

ದೊಡ್ಡ ಆಸ್ಪತ್ರೆಯ ಕ್ಯಾಶುವಾಲಿಟಿಯಲ್ಲಿ ಮೊದಲು ಬಂದವರಿಗೆ ಮೊದಲು ಎಂಬ ಲೆಕ್ಕವಿಲ್ಲ. ಜೀವಕ್ಕೆ ಅಪಾಯವಿದ್ದವರು ಕೆಂಪು, ಸ್ವಲ್ಪ ಕಾಯಬಹುದಾದವರು ಹಳದಿ, ಸಣ್ಣ ಗಾಯದವರು ಹಸಿರು. ನಿಮ್ಮ ನಂತರ ಬಂದವರನ್ನು ಒಳಗೆ ಕರೆದರೆ ರೇಗಬೇಡಿ. ಶ್ವಾಸನಾಳ, ಉಸಿರಾಟ, ರಕ್ತಸಂಚಾರ, ಪ್ರಜ್ಞೆ: ಈ ಕ್ರಮದಲ್ಲಿ ಪರೀಕ್ಷೆ ನಡೆಯುತ್ತದೆ. ಕುತ್ತಿಗೆಗೆ ಪಟ್ಟಿ ಹಾಕುತ್ತಾರೆ, ಹೊಟ್ಟೆಯೊಳಗೆ ರಕ್ತ ಸೇರಿದೆಯೇ ಎಂದು ಅಲ್ಟ್ರಾಸೌಂಡ್ ಮಾಡುತ್ತಾರೆ. ಬಿದ್ದದ್ದನ್ನು ಕಂಡವರೇ ಜೊತೆಗೆ ಹೋಗುವುದು ಒಳ್ಳೆಯದು. ಎಷ್ಟು ಎತ್ತರ, ಎಷ್ಟು ಹೊತ್ತಿಗೆ, ಎಲ್ಲಿ ಊರಿ ಬಿದ್ದದ್ದು, ನಡುವೆ ಎಚ್ಚರ ತಪ್ಪಿತ್ತೇ, ಕೊನೆಯ ಊಟ ಯಾವಾಗ ಎಂದು ಡಾಕ್ಟರು ಕೇಳುತ್ತಾರೆ. ರಕ್ತ ತೆಳುವಾಗುವ ಮಾತ್ರೆ ತಿನ್ನುವವರಾದರೆ ಅದನ್ನು ಕೇಳುವ ಮೊದಲೇ ಹೇಳಿ. ತಲೆಯೊಳಗಿನ ರಕ್ತಸ್ರಾವ ಅವರಲ್ಲಿ ಹೆಚ್ಚಾಗುತ್ತದೆ.

ಹಣದ ವಿಷಯದಲ್ಲಿ ಒಂದು ಗೊಂದಲವಿದೆ. 2025ರಲ್ಲಿ ಕೇಂದ್ರ ಸರಕಾರ ತಂದ, 7 ದಿನಗಳವರೆಗೆ 1.5 ಲಕ್ಷ ರೂಪಾಯಿ ತನಕದ ನಗದುರಹಿತ ಚಿಕಿತ್ಸೆ ವಾಹನ ಅಪಘಾತಕ್ಕೆ ಮಾತ್ರ, ಮರದಿಂದ ಬಿದ್ದವರಿಗೆ ಅದು ಸಿಗದು. ಅವರಿಗೆ ಕಾರುಣ್ಯ ಆರೋಗ್ಯ ಸುರಕ್ಷಾ ಕಾರ್ಡು ಇದ್ದರೆ ದಾಖಲಾಗುವಾಗಲೇ ಕೌಂಟರಿನಲ್ಲಿ ತೋರಿಸಿ. ಗಡಿಯಾಚೆಯ ಆಸ್ಪತ್ರೆಯಲ್ಲಿ ಅದು ನಡೆಯುತ್ತದೆಯೇ ಎಂದು ಬಿಲ್ಲು ಬೆಳೆಯುವ ಮೊದಲೇ ವಿಚಾರಿಸಿ. ಆಸ್ಪತ್ರೆಯವರು ಪೊಲೀಸರಿಗೆ ತಿಳಿಸಿದರೆ ತೋಟದ ಯಜಮಾನರು ಹೆದರಬೇಕಿಲ್ಲ, ಇಂಥ ಪೆಟ್ಟುಗಳಲ್ಲಿ ಅದು ವಾಡಿಕೆ. ‘ಮನೆಯಲ್ಲಿ ಜಾರಿದ್ದು’ ಎಂದು ಸುಳ್ಳು ಬರೆಸಿದರೆ ಡಾಕ್ಟರರ ಲೆಕ್ಕಾಚಾರವೂ ತಪ್ಪುತ್ತದೆ, ಮುಂದೆ ಕೆಲಸದವನ ವಿಮೆಯ ಹಣಕ್ಕೂ ಕುತ್ತು.