ಹೆಡ್‌ಲೈಟಿನ ಮಬ್ಬು ಕಳೆಯುವ ವಿಧಾನ

ಕಬ್ಬು ಸಾಗಿಸುವ ಕಾಲದಲ್ಲಿ ರೈತರ ವಾಹನಗಳು ರಾತ್ರಿಯೂ ಓಡುತ್ತವೆ. ದೀಪ ಮಬ್ಬಾಗಿದ್ದರೆ ಮುಂದಿನ ಎತ್ತಿನ ಗಾಡಿ ಹತ್ತಿರ ಹೋಗುವವರೆಗೂ ಕಾಣದು. ಅನೇಕರು ಬಲ್ಬು ಬದಲಿಸುತ್ತಾರೆ. ದೋಷವಿರುವುದು ಹಲವು ವೇಳೆ ಅದರ ಮುಂದಿನ ಮುಚ್ಚಳದಲ್ಲಿ.

ಮೊದಲು ಉಗುರಿನಿಂದ ತಟ್ಟಿ ನೋಡಿರಿ. ಗಾಜು ಠಣ್ಣೆನ್ನುತ್ತದೆ. ಹಳೆಯ ಟ್ರ್ಯಾಕ್ಟರುಗಳ ಈ ಗಾಜು ಬಿಸಿಲಿಗೆ ಹಳದಿಯಾಗುವುದಿಲ್ಲ; ಬೆಳಕು ಕುಂದಿದ್ದರೆ ಒಳಗಿನ ಪ್ರತಿಫಲಕ ತುಕ್ಕು ಹಿಡಿದಿದೆಯೇ ನೋಡಬೇಕು. ಈಚಿನ ವಾಹನಗಳಲ್ಲಿರುವುದು ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್. ಬಿಸಿಲಿನ ನೇರಳಾತೀತ ಕಿರಣಗಳಿಂದ ಇದರ ರಕ್ಷಣಾ ಲೇಪ ಹಾಳಾಗಿ, ಮೇಲ್ಮೈ ಹಳದಿಗಟ್ಟುತ್ತದೆ.

ಇಂಥದ್ದನ್ನು ಸೋಪುನೀರಿನಿಂದ ತೊಳೆದು, ಸುತ್ತಲಿನ ಬಣ್ಣದ ಮೇಲೆ ಟೇಪು ಅಂಟಿಸಬೇಕು. 800, 1500, 3000 ನಂಬರಿನ ವಾಟರ್ ಪೇಪರಿನಿಂದ ಕ್ರಮವಾಗಿ, ನೀರು ಹಾಕುತ್ತಲೇ ಉಜ್ಜಬೇಕು. ಹಳದಿ ನೀರು ಬೆಳ್ಳಗಾಗಿ ಇಳಿಯುವವರೆಗೆ ಮೊದಲಿನ ಪೇಪರನ್ನು ಬಿಡಬಾರದು. ಆಗ ಮಬ್ಬು ಹೆಚ್ಚಿದಂತೆ ಕಂಡರೂ ಗಾಬರಿ ಬೇಡ, ಪಾಲಿಶ್ ಹಾಕಿದ ಮೇಲೆ ತಿಳಿಯಾಗುತ್ತದೆ. ಒಣಗಿದ ನಂತರ ನೇರಳಾತೀತ ಕಿರಣ ತಡೆಯುವ ಪಾರದರ್ಶಕ ಲೇಪ ಕೊಡಲೇಬೇಕು. ಇದನ್ನು ಬಿಟ್ಟರೆ ಕೆಲವೇ ತಿಂಗಳಲ್ಲಿ ಮಬ್ಬು ಮರಳುತ್ತದೆ. ಟೂತ್‌ಪೇಸ್ಟಿನ ಹೊಳಪೂ ಅಷ್ಟೇ. ಪೆಟ್ರೋಲ್, ಥಿನ್ನರ್ ತಾಗಿಸಕೂಡದು. ಪ್ಲಾಸ್ಟಿಕ್ ಬಿರುಕು ಬಿಡುತ್ತದೆ. ತೇವ ಒಳಗೇ ಸೇರಿದ್ದರೆ ಹೊರಗೆ ಎಷ್ಟು ಉಜ್ಜಿದರೂ ಫಲವಿಲ್ಲ.