ಬಿತ್ತುವ ಮೊದಲು ನೂರು ಬೀಜ ಎಣಿಸಿರಿ
(ಹೈಸ್ಕೂಲು ಓದುವ ಮಕ್ಕಳಿರುವ ಮನೆಗಳಿಗೆ ಒಂದು ಪಾಠ)



ಹತ್ತನೆಯ ತರಗತಿ ಓದುವ ಮಗನೋ ಮಗಳೋ ಇರುವ ಮನೆಗೆ ಹೋದಾಗಲೆಲ್ಲ ನನಗೆ ಎದುರಾಗುವ ಪ್ರಶ್ನೆ ಒಂದೇ: “ಬೇಸಾಯದ ಓದಿಗೆ ಹಾಕಿದರೆ ಮುಂದೆ ಕಾಲೇಜಿಗೆ ದಾರಿ ಉಂಟೇ?” ಉಂಟು. ಎಸ್.ಎಸ್.ಎಲ್.ಸಿ. ಮುಗಿಸಿದವರಿಗೆ ನಮ್ಮ ಕೃಷಿ ವಿಶ್ವವಿದ್ಯಾನಿಲಯಗಳಲ್ಲಿ 2 ವರ್ಷದ ಕೃಷಿ ಡಿಪ್ಲೊಮಾ ಇದೆ. ಪಾಠ ಕನ್ನಡದಲ್ಲಿಯೇ ನಡೆಯುತ್ತದೆ. ವಿಜ್ಞಾನ ತೆಗೆದುಕೊಂಡು ಪಿ.ಯು.ಸಿ. ಮಾಡಿದವರು ಬಿ.ಎಸ್‌ಸಿ. ಕೃಷಿ ಪದವಿಗೆ ಹೋಗಬಹುದು. ಅಲ್ಲಿ ರೈತರ ಮಕ್ಕಳಿಗೆಂದೇ ಮೀಸಲಿಟ್ಟ ಸ್ಥಾನಗಳಿವೆ. ಅವನ್ನು ಕೇಳುವವರಿಗೆ ಪ್ರಾಯೋಗಿಕ ಪರೀಕ್ಷೆಯೂ ಇದ್ದು, ಅದರ ಅಂಕ ಸೀಟಿನ ಲೆಕ್ಕಕ್ಕೆ ಸೇರುತ್ತದೆ. ಹೊಲ ಕಂಡ ಮಗುವಿಗೆ ಇದರಲ್ಲಿ ಅರ್ಧ ಪಾಠ ಮನೆಯಲ್ಲಿಯೇ ಸಿಗುತ್ತದೆ. ನಾವು ಮಾತ್ರ ಪರೀಕ್ಷೆ ಹತ್ತಿರ ಬಂತೆಂದು ಮಕ್ಕಳನ್ನು ಹೊಲದ ಕಡೆಗೇ ಬಿಡುವುದಿಲ್ಲ.

ಈ ಸಲ ಒಂದು ಪಾಠವನ್ನು ಮಕ್ಕಳ ಕೈಯಿಂದಲೇ ಮಾಡಿಸಿರಿ. ಶೇಂಗಾ ಬೀಜದ ಮೊಳಕೆ ಪರೀಕ್ಷೆ. ಖರ್ಚು ಏನೂ ಇಲ್ಲ, ಹಳೆಯ ಗೋಣಿತಾಟು ಒಂದಿದ್ದರೆ ಸಾಕು.

ಚೀಲದ ಮೇಲ್ಭಾಗ, ನಡುಭಾಗ, ತಳಭಾಗ ಮೂರೂ ಕಡೆಯಿಂದ ಒಂದೊಂದು ಹಿಡಿ ಕಾಯಿ ತೆಗೆದು ಕಲೆಸಿ ಸುಲಿಯಬೇಕು. ಅದರಲ್ಲಿ 100 ಬೀಜ ಎಣಿಸಿಕೊಳ್ಳಬೇಕು. ಇಲ್ಲಿಯೇ ನಾವು ತಪ್ಪುವುದು: ಕೈ ತಾನಾಗಿ ದಪ್ಪ ಬೀಜದ ಕಡೆಗೆ ಹೋಗುತ್ತದೆ. ಆರಿಸಿ ಇಟ್ಟ ಬೀಜ ಆರಿಸಿದ ಬೀಜದ ಗುಣ ಹೇಳೀತೇ ಹೊರತು ಚೀಲದ ಗುಣ ಹೇಳಲಾರದು. ಬಿತ್ತನೆಗೆ ಯಾವುದನ್ನು ಬಳಸುತ್ತೀರೋ ಅದನ್ನೇ ಪರೀಕ್ಷೆಗೂ ಇಡಿರಿ.

ನೂರನ್ನು 25ರಂತೆ ನಾಲ್ಕು ಪಾಲು ಮಾಡಿ, ನೆನೆಸಿ ಹಿಂಡಿದ ಗೋಣಿತಾಟಿನ ಮೇಲೆ ಒಂದಕ್ಕೊಂದು ತಾಗದಂತೆ ಸಾಲಾಗಿ ಇಟ್ಟು, ಮೇಲೆ ಇನ್ನೊಂದು ತುಂಡು ಹೊದಿಸಿ ಸಡಿಲವಾಗಿ ಸುತ್ತಿ ನೆರಳಿನಲ್ಲಿಡಬೇಕು. ದಿನಕ್ಕೊಮ್ಮೆ ನೀರು ಚಿಮುಕಿಸಿದರೆ ಸಾಕು. ನೀರು ನಿಂತರೆ ಬೀಜ ಕೊಳೆಯುತ್ತದೆ. ಆಗ ತಪ್ಪು ಬೀಜದ್ದಲ್ಲ, ನಮ್ಮದು. 10ನೆಯ ದಿನ ಬಿಚ್ಚಿ, ಬೇರು ಮತ್ತು ಮೊಳಕೆ ಎರಡೂ ಗಟ್ಟಿಯಾಗಿ ಬಂದವನ್ನು ಮಾತ್ರ ಎಣಿಸಬೇಕು. ಬರೀ ಉಬ್ಬಿದ್ದು, ಬೂಸ್ಟು ಹಿಡಿದದ್ದು, ಬೇರು ಮುರುಟಿದ್ದು ಲೆಕ್ಕಕ್ಕಿಲ್ಲ. ನಾಲ್ಕು ಪಾಲುಗಳಲ್ಲಿ ಬಹಳ ಹೆಚ್ಚುಕಡಿಮೆ ಕಂಡರೆ ಮತ್ತೊಮ್ಮೆ ಮಾಡಿರಿ. ಪ್ರಮಾಣಿತ ಶೇಂಗಾ ಬೀಜಕ್ಕೆ ಕನಿಷ್ಠ ಮೊಳಕೆ ನೂರಕ್ಕೆ 70 ಎಂದು ನಿಯಮವಿದೆ. ರಾಗಿಗೆ ಅದು 75, ಭತ್ತಕ್ಕೆ 80.

ಹೋದ ಮುಂಗಾರಿಗೆ ಮುಂಚೆ ಒಬ್ಬ ರೈತರ ಮಗಳು, ಹತ್ತನೆಯ ತರಗತಿಯವಳು, ಇದನ್ನು ಮಾಡಿದಳು. ಮೊಳೆತದ್ದು 58. ತಂದೆ ನಂಬಲಿಲ್ಲ. “ನಮ್ಮ ಹೊಲದಲ್ಲಿ ಬೆಳೆದ ಬೀಜ ಸಾರ್, ಗೋಣಿಯಲ್ಲಿ ಹುಟ್ಟದಿದ್ದರೂ ಮಣ್ಣಿನಲ್ಲಿ ಹುಟ್ಟುತ್ತದೆ” ಎಂದರು. ನಾನು ವಾದಿಸಲಿಲ್ಲ, ಹುಡುಗಿಯ ನೋಟ್‌ಬುಕ್ಕು ಕೇಳಿದೆ. ಸಾಲಿನಿಂದ ಸಾಲಿಗೆ 30 ಸೆಂಟಿಮೀಟರು, ಗಿಡದಿಂದ ಗಿಡಕ್ಕೆ 10 ಸೆಂಟಿಮೀಟರು ಬಿಟ್ಟರೆ ಎಕರೆಗೆ ಸುಮಾರು 1 ಲಕ್ಷ 35 ಸಾವಿರ ಗಿಡ ಬೇಕು. ಅವರ 100 ಬೀಜ 33 ಗ್ರಾಂ ತೂಗಿತು. ಎಕರೆಗೆಂದು ಅವರು ತೆಗೆದಿಟ್ಟ 50 ಕಿಲೋ ಬೀಜದಲ್ಲಿ ಸುಮಾರು ಒಂದೂವರೆ ಲಕ್ಷ ಕಾಳು. ಅದರಲ್ಲಿ ನೂರಕ್ಕೆ 58 ಎಂದರೆ 88 ಸಾವಿರವೂ ಪೂರ್ತಿ ಇಲ್ಲ. ಹೊಲದ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಖಾಲಿ; ಉಳುಮೆ, ಗೊಬ್ಬರ, ಕಳೆಯ ಕೂಲಿ ಮಾತ್ರ ಪೂರ್ತಿ. ಹೊಲದಲ್ಲಿ ಹುಟ್ಟುವುದು ಗೋಣಿಯಲ್ಲಿ ಹುಟ್ಟಿದ್ದಕ್ಕಿಂತ ಸಾಮಾನ್ಯವಾಗಿ ಕಡಿಮೆಯೇ. “ಹಾಗಾದರೆ ಇನ್ನಷ್ಟು ಬೀಜ ಸುರಿಯೋಣ” ಎಂದರು. ಮೊಳಕೆ ಸ್ವಲ್ಪ ಕಡಿಮೆಯಿದ್ದರೆ ಅದು ಸರಿ. ಇಷ್ಟು ಇಳಿದ ಬೀಜದಲ್ಲಿ ಹುಟ್ಟಿದ ಸಸಿಯೂ ಬಲಹೀನ, ರೋಗಕ್ಕೆ ಬೇಗ ಸಿಕ್ಕುತ್ತದೆ. ಆ ಬೀಜ ಗಾಣಕ್ಕೆ ಹೋಯಿತು. ರೈತ ಸಂಪರ್ಕ ಕೇಂದ್ರದಿಂದ ತಂದ ಬೀಜವನ್ನೂ ಹುಡುಗಿ ಬಿಡದೆ ಪರೀಕ್ಷಿಸಿದಳು: 86.

ಬೀಜ ಕೆಟ್ಟದ್ದು ಹೇಗೆ? ಬಿಡುವು ಇದ್ದಾಗ ಕೆಲಸ ಮುಗಿಯಲಿ ಎಂದು ಎರಡು ತಿಂಗಳು ಮೊದಲೇ ಸುಲಿದಿಟ್ಟಿದ್ದರು. ನಮ್ಮ ತಂದೆಯವರೂ ಹಾಗೆಯೇ ಮಾಡಿ ಒಂದು ವರ್ಷ ಹೊಲವನ್ನು ಎರಡನೆಯ ಸಲ ಬಿತ್ತಿದ್ದುಂಟು. ಎರಡನೆಯದಕ್ಕೆ ಮಳೆ ಬರಲಿಲ್ಲ. ಶೇಂಗಾ ಬೀಜದ ಸಿಪ್ಪೆ ತೆಳು, ಒಳಗೆ ಎಣ್ಣೆ. ಸುಲಿದ ಮೇಲೆ ಗಾಳಿಯ ತೇವ, ಹುಳು, ಕೈಯ ಪೆಟ್ಟು ಎಲ್ಲವೂ ನೇರವಾಗಿ ತಾಗುತ್ತವೆ. ಅಲುಗಿಸಿದರೆ ಗಲಗಲ ಎನ್ನುವಷ್ಟು ಒಣಗಿಸಿದ ಕಾಯಿಯನ್ನು ಕಾಯಿಯಾಗಿಯೇ ಇಟ್ಟು, ಬಿತ್ತನೆಗೆ ಒಂದು ವಾರ ಇರುವಾಗ ಸುಲಿಯತಕ್ಕದ್ದು. ಪರೀಕ್ಷೆಗೆ ಬೇಕಾದ ನೂರನ್ನು ಮಾತ್ರ ತಿಂಗಳ ಮೊದಲೇ ಸುಲಿದರೆ, ಬೇರೆ ಬೀಜ ಹುಡುಕಲು ಕಾಲ ಉಳಿಯುತ್ತದೆ. ಔಷಧಿ ಲೇಪಿಸಿದ ಬೀಜ ಉಳಿದರೆ ಗಾಣಕ್ಕಾಗಲಿ ದನಕ್ಕಾಗಲಿ ಹಾಕಕೂಡದು.

ಪರೀಕ್ಷೆ ಇಟ್ಟ ದಿನ, ಬೀಜ ಬಂದ ಮೂಲ, ನಾಲ್ಕು ಪಾಲಿನ ಲೆಕ್ಕ ಇವನ್ನು ಮಕ್ಕಳು ಒಂದು ಪುಸ್ತಕದಲ್ಲಿ ಬರೆದಿಡಲಿ. ನಾನು ಊರಿಗೆ ಬಂದಾಗ ಆ ಪುಸ್ತಕವನ್ನು ತೋರಿಸಿರಿ. ಮುಂದಿನ ಪಾಠ ಮಣ್ಣಿನ ಮಾದರಿ ತೆಗೆಯುವುದು, ಅದನ್ನು ನಿಮ್ಮ ಹೊಲದಲ್ಲಿಯೇ ಮಾಡೋಣ.